ಕೊಬ್ಬು ಕರಗಿಸುವ ಚುಚ್ಚುಮದ್ದು: ಅದರ ಕ್ರಮವೂ ವಿಧಿನಿಷೇಧಗಳೂ

ಕನ್ನಡದಲ್ಲಿ ‘ಕೊಬ್ಬು’ ಎಂಬ ಶಬ್ದವು ದೇಹದ ಮೇದಸ್ಸಿಗೂ ಮನಸ್ಸಿನ ಮದಕ್ಕೂ ಸಮನಾಗಿ ಸಲ್ಲುತ್ತದೆ. ೧೮೯೪ರಲ್ಲಿ ಅಚ್ಚಾದ ಕಿಟ್ಟೆಲ್ಲರ ಕೋಶದಲ್ಲಿ ಈ ಎರಡರ್ಥಗಳೂ ದೊರೆಯುತ್ತವೆ. ಇದರ ನೆರೆಯಲ್ಲಿ ‘ನೆಣ’, ‘ಬೊಜ್ಜು’ ಎಂಬ ಇನ್ನೆರಡು ಶಬ್ದಗಳುಂಟು. ನೆಣವು ಮಾಂಸದೊಡನೆ ಕಣ್ಣಿಗೆ ಕಾಣುವ ಪದಾರ್ಥ. ಬೊಜ್ಜು ಹೊಟ್ಟೆ ಮುಂದಕ್ಕೆ ಬಂದು ಮೈ ಭಾರವಾದ ಸ್ಥಿತಿ. ಪದಾರ್ಥವೇ ಬೇರೆ, ಸ್ಥಿತಿಯೇ ಬೇರೆ ಎಂಬ ವಿವೇಕವು ಹೀಗೆ ಆಡುಮಾತಿನಲ್ಲಿಯೇ ಅಡಗಿದೆ. ಈಚಿನ ಸೌಂದರ್ಯ ಚಿಕಿತ್ಸಾಲಯಗಳ ಜಾಹೀರಾತುಗಳು ಈ ವಿವೇಕವನ್ನು ಕದಡಿಬಿಟ್ಟಿವೆ. ‘ಕೊಬ್ಬು ಕರಗಿಸುವ ಇಂಜೆಕ್ಷನ್’ ಎಂಬ ಮಾತನ್ನು ಓದಿದವನು ಬೊಜ್ಜು ಇಳಿಯುವುದೆಂದು ತಿಳಿಯುತ್ತಾನೆ. ಹಾಗೆ ತಿಳಿಯಲೆಂದೇ ಆ ಮಾತನ್ನು ಹಾಗೆ ಹೆಣೆದಿರುವುದೆಂದರೂ ತಪ್ಪಾಗಲಾರದು.

ಜಾಹೀರಾತು ಈಗ ಮಹಾನಗರದ ಗೋಡೆಗಳ ಮೇಲೆ ಮಾತ್ರ ಇರುವುದಲ್ಲ. ಮೊಬೈಲ್ ಫೋನಿನೊಳಗೆ ಹೊಕ್ಕು ಅದು ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಮನೆಮನೆಯನ್ನೂ ಮುಟ್ಟಬಲ್ಲುದು. ಮದುವೆಗೆ ಮುಂಚೆ ಗದ್ದದ ಕೆಳಗಿನ ಮಡಿಕೆಯನ್ನು ತೆಗೆಸಿಕೊಳ್ಳಬೇಕೆಂಬ ಬಯಕೆ ಹಾಸ್ಯಕ್ಕೆ ತಕ್ಕುದಲ್ಲ. ಅಲಂಕಾರವು ಎಲ್ಲ ಕಾಲದಲ್ಲಿಯೂ ಇದ್ದುದೇ. ಆದರೆ ಅಲಂಕಾರಕ್ಕೆಂದು ತೊಟ್ಟ ಒಡವೆಯನ್ನು ಬೇಡವಾದಾಗ ತೆಗೆದಿಡಬಹುದು; ಚರ್ಮದ ಕೆಳಗೆ ಹೊಕ್ಕ ದ್ರವ್ಯವನ್ನು ಹಿಂದಕ್ಕೆ ಪಡೆಯುವ ಉಪಾಯವಿಲ್ಲ. ಆದುದರಿಂದ ಆ ದ್ರವ್ಯವು ಏನು, ಅದು ದೇಹದಲ್ಲಿ ಏನನ್ನು ಮಾಡುತ್ತದೆ, ಎಲ್ಲಿ ಹೊಗಬೇಕು, ಎಲ್ಲಿ ಹೊಗಬಾರದು ಎಂಬ ವಿಚಾರವು ವೈದ್ಯರಲ್ಲದವರಿಗೂ ತಿಳಿದಿರಬೇಕಾಗಿದೆ.

ಈ ಚಿಕಿತ್ಸೆಯಲ್ಲಿ ಬಳಸುವ ಮುಖ್ಯ ದ್ರವ್ಯದ ಹೆಸರು ಡಿಆಕ್ಸಿಕೋಲಿಕ್ ಆಮ್ಲ. ಇದು ಪಿತ್ತಾಮ್ಲಗಳಲ್ಲೊಂದು. ಯಕೃತ್ತು ಹುಟ್ಟಿಸುವ ಕೋಲಿಕ್ ಆಮ್ಲವು ಪಿತ್ತರಸದೊಡನೆ ಕರುಳಿಗಿಳಿದಾಗ ಅಲ್ಲಿಯ ಸೂಕ್ಷ್ಮಜೀವಿಗಳು ಅದನ್ನು ಮಾರ್ಪಡಿಸಿ ಡಿಆಕ್ಸಿಕೋಲಿಕ್ ಆಮ್ಲವನ್ನಾಗಿ ಮಾಡುತ್ತವೆ. ಎಣ್ಣೆಯ ಜಿಡ್ಡನ್ನು ಸೀಗೆಯೋ ಅಂಟುವಾಳವೋ ಬಿಡಿಸಿ ನೀರಿನಲ್ಲಿ ಕದಡುವಂತೆ, ಊಟದೊಡನೆ ಬಂದ ಕೊಬ್ಬನ್ನು ಇದು ಕರುಳಿನಲ್ಲಿ ಸಣ್ಣ ಸಣ್ಣ ಹನಿಗಳನ್ನಾಗಿ ಒಡೆಯುತ್ತದೆ. ಈ ಸಾಬೂನಿನಂತಹ ಗುಣವೇ ಚಿಕಿತ್ಸೆಯ ಮೂಲ. ಜೀವಕೋಶದ ಹೊರಪೊರೆಯು ಬಹುಮಟ್ಟಿಗೆ ಸ್ನಿಗ್ಧ ಪದಾರ್ಥದಿಂದಲೇ ಆದುದು. ಚರ್ಮದ ಕೆಳಗೆ ಚುಚ್ಚಿದ ಆಮ್ಲವು ಆ ಪೊರೆಯನ್ನು ಹರಿದುಹಾಕುತ್ತದೆ, ಕೋಶವು ಸಾಯುತ್ತದೆ, ಒಳಗಿದ್ದ ಕೊಬ್ಬು ಹೊರಬೀಳುತ್ತದೆ. ಬಳಿಕ ಅಲ್ಲಿ ಉರಿ, ಊತ ಹುಟ್ಟಿ, ರಕ್ತದ ಭಕ್ಷಕಕೋಶಗಳು ಬಂದು ಸತ್ತುದನ್ನು ವಾರಗಳ ಕಾಲ ಶುಚಿಗೊಳಿಸುತ್ತವೆ. ಹಳೆಯ ಗಾಯ ಮಾಯುವಾಗ ಹುಟ್ಟುವಂತಹ ನಾರು ಆ ಎಡೆಯಲ್ಲಿ ಬೆಳೆಯುತ್ತದೆ.

ಇದರಿಂದ ‘ಕರಗಿಸು’ ಎಂಬ ಕ್ರಿಯಾಪದವು ಎಷ್ಟು ದಾರಿ ತಪ್ಪಿಸುವುದೆಂಬುದು ಸ್ಪಷ್ಟವಾಗುತ್ತದೆ. ಬೆಣ್ಣೆ ಕರಗಿ ತುಪ್ಪವಾಗುವುದರಲ್ಲಿ ನೋವಿಲ್ಲ, ಹಾನಿಯಿಲ್ಲ. ಇಲ್ಲಿ ನಡೆಯುವುದು ಕರಗುವಿಕೆಯಲ್ಲ, ಸುಡುವಿಕೆಗೆ ಸಮೀಪವಾದ ಒಂದು ನಾಶ. ಮೇಲಾಗಿ ಆ ಆಮ್ಲಕ್ಕೆ ಕೊಬ್ಬಿನ ಕೋಶ ಯಾವುದು, ಚರ್ಮದ ಕೋಶ ಯಾವುದು, ನರ ಯಾವುದು ಎಂಬ ವಿವೇಚನೆಯಿಲ್ಲ. ಸ್ವಲ್ಪಮಟ್ಟಿನ ಪಕ್ಷಪಾತವು ತೋರುವುದೇನೋ ನಿಜ: ಮಾಂಸ, ಚರ್ಮಗಳಲ್ಲಿ ಹೆಚ್ಚಾಗಿರುವ ಆಲ್ಬುಮಿನ್ ಎಂಬ ಸಸಾರಜನಕವು ಆಮ್ಲವನ್ನು ಹಿಡಿದು ಅದರ ತೀಕ್ಷ್ಣತೆಯನ್ನು ತಗ್ಗಿಸುತ್ತದೆ, ಕೊಬ್ಬಿನ ಎಡೆಯಲ್ಲಿ ಅದು ವಿರಳವಾದುದರಿಂದ ಆಮ್ಲವು ಅಲ್ಲಿ ಪೂರ್ಣಬಲದಿಂದ ವರ್ತಿಸುತ್ತದೆ. ಆದರೆ ಪ್ರಮಾಣ ಮೀರಿದರೆ, ಆಳ ತಪ್ಪಿದರೆ, ಈ ರಕ್ಷೆಯು ನಿಲ್ಲದು. ಚಿಕಿತ್ಸೆಯ ಕ್ಷೇಮವೆಲ್ಲವೂ ಮದ್ದಿನಲ್ಲಿ ಅಲ್ಲ, ಮದ್ದನ್ನು ಇಡುವ ಕೈಯಲ್ಲಿದೆ.

ಈ ಮದ್ದಿನ ಇತಿಹಾಸದಲ್ಲಿಯೂ ಒಂದು ವಿನೋದವುಂಟು. ಚರ್ಮದೊಳಗೆ ಸಣ್ಣ ಸಣ್ಣ ಪ್ರಮಾಣದಲ್ಲಿ ಮದ್ದು ಚುಚ್ಚುವ ‘ಮೀಸೋಥೆರಪಿ’ ಎಂಬ ಪದ್ಧತಿಯನ್ನು ಫ್ರಾನ್ಸಿನ ಮಿಶೆಲ್ ಪಿಸ್ತೋರ್ ಎಂಬ ವೈದ್ಯನು ೧೯೫೨ರಲ್ಲಿ ಆರಂಭಿಸಿದನು. ೧೯೯೦ರ ದಶಕದಲ್ಲಿ ಬ್ರೆಜಿಲಿನ ಪಟ್ರೀಷಿಯಾ ರಿಟ್ಟೆಸ್ ಎಂಬ ಚರ್ಮವೈದ್ಯೆಯು ಕಣ್ಣಿನ ಕೆಳರೆಪ್ಪೆಯ ಕೊಬ್ಬಿಗೆ ಫಾಸ್ಫಟಿಡಿಲ್‌ಕೋಲಿನ್ ಎಂಬ ಸೋಯಾಜನ್ಯ ದ್ರವ್ಯವನ್ನು ಚುಚ್ಚಿ, ೨೦೦೧ರಲ್ಲಿ ಅದನ್ನು ಪ್ರಕಟಿಸಿದಳು. ಆ ದ್ರವ್ಯವು ನೀರಿನಲ್ಲಿ ಕಲೆಯದಾದುದರಿಂದ ಅದನ್ನು ಕಲೆಸಲು ಮಾತ್ರವೇ ಡಿಆಕ್ಸಿಕೋಲಿಕ್ ಆಮ್ಲದ ಲವಣವನ್ನು ಬೆರೆಸಿದ್ದರು. ೨೦೦೪ರಲ್ಲಿ ಪ್ರಯೋಗಶಾಲೆಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ ನೋಡಿದಾಗ, ಕೋಶಗಳನ್ನು ಒಡೆಯುತ್ತಿದ್ದುದು ಮುಖ್ಯವಾಗಿ ಆ ಲವಣವೇ ಎಂದು ಕಂಡಿತು. ಔಷಧವೆಂದುಕೊಂಡುದು ಅನುಪಾನವಾಗಿ, ಅನುಪಾನವೆಂದುಕೊಂಡುದೇ ಔಷಧವಾಗಿ ತೋರಿದ ಹಾಗಾಯಿತು. ಏತರಿಂದ ಗುಣವಾಗುತ್ತಿದೆಯೆಂಬುದು ತಿಳಿಯುವ ಮೊದಲೇ ಹಲವು ದೇಶಗಳಲ್ಲಿ ಅಸಂಖ್ಯ ಜನರು ಆ ಮಿಶ್ರಣವನ್ನು ಹಾಕಿಸಿಕೊಂಡಿದ್ದರು. ಶುದ್ಧವಾದ ಡಿಆಕ್ಸಿಕೋಲಿಕ್ ಆಮ್ಲಕ್ಕೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ೨೦೧೫ರ ಏಪ್ರಿಲಿನಲ್ಲಿ ಒಪ್ಪಿಗೆಯಿತ್ತಿತು. ಅದೂ ಪ್ರಾಯಸ್ಥರ ಗದ್ದದ ಕೆಳಗಿನ ಕೊಬ್ಬಿಗೆ ಮಾತ್ರ. ಹೊಟ್ಟೆ, ತೊಡೆ, ತೋಳುಗಳಿಗೆ ಆ ಒಪ್ಪಿಗೆಯಿಲ್ಲ.

ಅಂಗವನ್ನು ತೀಕ್ಷ್ಣದ್ರವ್ಯದಿಂದ ಸುಟ್ಟು ಸರಿಪಡಿಸುವ ಉಪಾಯವು ಭಾರತೀಯ ವೈದ್ಯಕ್ಕೆ ಹೊಸದಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ ೧೧ನೆಯ ಅಧ್ಯಾಯವು ಕ್ಷಾರಪಾಕವಿಧಿ. ಕ್ಷಾರವನ್ನು ಬೇಯಿಸುವ ಕ್ರಮವನ್ನು ಹೇಳಿದಷ್ಟೇ ಶ್ರದ್ಧೆಯಿಂದ, ಅದನ್ನು ಯಾರಿಗೆ ಇಡಬಾರದು, ಎಲ್ಲಿ ಇಡಬಾರದು ಎಂಬುದನ್ನೂ ಅಲ್ಲಿ ಹೇಳಿದೆ. ಬಾಲರು, ವೃದ್ಧರು, ದುರ್ಬಲರು, ಗರ್ಭಿಣಿಯರು ವರ್ಜ್ಯರು. ಮರ್ಮ, ಸಿರೆ, ಸ್ನಾಯು, ಸಂಧಿ, ಧಮನಿ, ಗಳ ಮೊದಲಾದ ಸ್ಥಾನಗಳೂ ಮಾಂಸವು ಅಲ್ಪವಾಗಿರುವ ಪ್ರದೇಶಗಳೂ ವರ್ಜ್ಯ. (ಸುಶ್ರುತನ ‘ಸ್ನಾಯು’ವು ಕಟ್ಟುನಾರು, ಇಂದಿನ ಕನ್ನಡದಲ್ಲಿ ಆ ಶಬ್ದವು ಮಾಂಸಖಂಡಕ್ಕೆ ಸಲ್ಲುವುದನ್ನು ಓದುಗರು ಗಮನಿಸಬೇಕು.) ಅಲ್ಪಮತಿಯಾದ ವೈದ್ಯನ ಕೈಯಲ್ಲಿ ಕ್ಷಾರವು ಮಾರಕವಾಗುವುದೆಂಬ ಎಚ್ಚರಿಕೆಯೂ ಅಲ್ಲಿದೆ. ಸುಶ್ರುತನು ಕ್ಷಾರವನ್ನು ಗದ್ದದ ಅಂದಕ್ಕಾಗಿ ವಿಧಿಸಿದನೆಂದು ಯಾರೂ ತಿಳಿಯಬೇಕಾಗಿಲ್ಲ. ಆದರೆ ವಿಧಿಗೆ ಸಮನಾಗಿ ನಿಷೇಧವನ್ನು ಬರೆಯುವ ಆ ಶಿಸ್ತು ಗಮನಾರ್ಹ. ಇಂದಿನ ಚಿಕಿತ್ಸೆಯಾದರೋ ಅವನು ವರ್ಜ್ಯವೆಂದ ಗಳಕ್ಕೆ ತೀರ ಹತ್ತಿರದಲ್ಲಿಯೇ ನಡೆಯುತ್ತದೆ.

ಸೇಡಂ ತಾಲ್ಲೂಕಿನ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವಷ್ಟೆ. ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿದ ಜೈನಾಚಾರ್ಯ ಉಗ್ರಾದಿತ್ಯನು ನೃಪತುಂಗನ ಸಭೆಯಲ್ಲಿ, ವೈದ್ಯವಿದ್ವಾಂಸರ ಎದುರಿನಲ್ಲಿ, ಮಾಂಸಾಹಾರವು ಚಿಕಿತ್ಸೆಗೆ ನಿಷ್ಪ್ರಯೋಜಕವೆಂದು ವಾದಿಸಿದನೆಂಬ ಮಾತು ಆ ಗ್ರಂಥದ ಕೊನೆಯ ಹಿತಾಹಿತಾಧ್ಯಾಯದಲ್ಲಿ ಬರುತ್ತದೆ. ಅವನ ಮತವು ಸರಿಯೋ ತಪ್ಪೋ, ಅದು ಪ್ರಸ್ತುತಕ್ಕೆ ಬೇಕಾದುದಲ್ಲ. ಚಿಕಿತ್ಸೆಯ ಬಗ್ಗೆ ಏನನ್ನಾದರೂ ಹೇಳುವವನು ಅದನ್ನು ಬಲ್ಲವರ ಮುಂದೆ ನಿಂತು ಸಮರ್ಥಿಸಬೇಕಾಗಿದ್ದಿತು. ಫೋನಿನ ಜಾಹೀರಾತಿಗೆ ಪ್ರತಿವಾದಿಯಿಲ್ಲ. ಅದೇ ಸೀಮೆಯ ಇಂದಿನ ರೋಗಿಯು ತನ್ನ ಪ್ರಶ್ನೆಗಳನ್ನು ತಾನೇ ಕೇಳಿಕೊಳ್ಳಬೇಕಾಗಿದೆ.

ಮೊದಲನೆಯ ಪ್ರಶ್ನೆ, ಗದ್ದದ ಕೆಳಗೆ ಇರುವುದು ಕೊಬ್ಬೇ ಹೌದೋ ಎಂಬುದು. ಗಳಗಂಡ, ಊದಿದ ರಸಗ್ರಂಥಿ, ದೊಡ್ಡದಾದ ಲಾಲಾಗ್ರಂಥಿ, ಇವೆಲ್ಲವೂ ಹೊರಗಿನಿಂದ ಇಮ್ಮಡಿ ಗದ್ದದಂತೆಯೇ ತೋರಬಹುದು. ಅವನ್ನು ಬೆರಳಿನಿಂದ ಮುಟ್ಟಿ ನೋಡದೆ, ಸಂದೇಹವಿದ್ದರೆ ಸ್ಕ್ಯಾನ್ ಮಾಡಿಸದೆ ಸೂಜಿ ಎತ್ತುವವನು ವೈದ್ಯನೆನಿಸಿಕೊಳ್ಳಲಾರನು. ಕೊಬ್ಬು ಕಡಮೆಯಿದ್ದು ಚರ್ಮವೇ ಸಡಿಲವಾಗಿ ಜೋತುಬಿದ್ದಿದ್ದರೆ ಈ ಮದ್ದಿನಿಂದ ಜೋಲು ಇನ್ನೂ ಹೆಚ್ಚೀತು. ನುಂಗಲು ಕಷ್ಟವಿರುವವರು, ರಕ್ತ ಹೆಪ್ಪುಗಟ್ಟದಂತೆ ಮದ್ದು ಸೇವಿಸುವವರು, ಆ ಭಾಗದಲ್ಲಿ ಹಿಂದೆ ಶಸ್ತ್ರಕ್ರಿಯೆಯಾದವರು ಅದನ್ನು ಮೊದಲೇ ತಿಳಿಸಬೇಕು. ಚುಚ್ಚುವ ಎಡೆಯಲ್ಲಿ ಕೀವೋ ಸೋಂಕೋ ಇದ್ದರೆ ಚುಚ್ಚಲೇಬಾರದು. ಹದಿನೆಂಟು ತುಂಬದವರಿಗೂ ಗರ್ಭಿಣಿಯರಿಗೂ ಮೊಲೆಯುಣಿಸುವ ತಾಯಂದಿರಿಗೂ ಇದು ಬೇಡ.

ಒಳಬೊಜ್ಜಿನ ವಿಷಯವೇ ಬೇರೆ. ಕರುಳುಗಳ ಸುತ್ತ ಸೇರುವ ಕೊಬ್ಬನ್ನು ಯಾವ ಸೂಜಿಯೂ ಮುಟ್ಟಲಾರದು. ೨೦೨೫ರಲ್ಲಿ ಭಾರತದ ಪೇಟೆಗೆ ಮೌಂಜಾರೊ, ವೆಗೋವಿ ಎಂಬ ಹೆಸರುಗಳಲ್ಲಿ ಬಂದ ತೂಕ ಇಳಿಸುವ ಚುಚ್ಚುಮದ್ದುಗಳು ಹಸಿವನ್ನು ತಗ್ಗಿಸಿ ಇಡೀ ದೇಹದ ಮೇಲೆ ಕೆಲಸ ಮಾಡತಕ್ಕವು. ಅವಕ್ಕೂ ಗದ್ದದ ಈ ಆಮ್ಲಕ್ಕೂ ‘ಇಂಜೆಕ್ಷನ್’ ಎಂಬ ಹೆಸರಿನ ಹೊರತು ಸಂಬಂಧವಿಲ್ಲ. ಆದರೂ ಜನರ ಮಾತಿನಲ್ಲಿ ಎರಡೂ ಒಂದೇ ಆಗಿ ಬೆರೆಯುವುದುಂಟು.

ಇನ್ನು ಕ್ರಮ. ಒಪ್ಪಿಗೆಯಾದ ಮದ್ದಿನ ಒಂದು ಮಿಲಿಲೀಟರಿನಲ್ಲಿ ೧೦ ಮಿಲಿಗ್ರಾಮು ಆಮ್ಲವಿರುತ್ತದೆ. ರೋಗಿಯು ಕುಳಿತಿರುವಾಗಲೇ ಚುಚ್ಚಬೇಕಾದ ಪ್ರದೇಶದ ಎಲ್ಲೆಯನ್ನು ಚರ್ಮದ ಮೇಲೆ ಬರೆದು, ಅದರೊಳಗೆ ಒಂದೊಂದು ಸೆಂಟಿಮೀಟರಿಗೆ ಒಂದೊಂದರಂತೆ ಚುಕ್ಕಿಗಳನ್ನಿಡುತ್ತಾರೆ. ಅಂಗಳದ ರಂಗೋಲಿಗೆ ಚುಕ್ಕಿಯಿಟ್ಟ ಹಾಗೆ ಕಾಣುವ ಈ ಜಾಲವೇ ಚಿಕಿತ್ಸೆಯ ಲೆಕ್ಕ. ಒಂದೊಂದು ಚುಕ್ಕಿಗೆ ೦.೨ ಮಿಲಿಲೀಟರು, ಒಂದು ಸಲಕ್ಕೆ ೫೦ ಚುಕ್ಕಿಗಳನ್ನು, ಎಂದರೆ ೧೦ ಮಿಲಿಲೀಟರನ್ನು, ಮೀರಕೂಡದು. ಎರಡು ಸಲಗಳ ನಡುವೆ ಕಡೆಯಪಕ್ಷ ಒಂದು ತಿಂಗಳ ಅಂತರವಿರಬೇಕು. ಒಟ್ಟು ಆರು ಸಲಕ್ಕಿಂತ ಹೆಚ್ಚಿಲ್ಲ. ಒಂದೇ ಬಾರಿಗೆ ಮುಗಿಸಿಕೊಡುವೆವೆಂದು ಹೇಳುವವರು ಈ ಲೆಕ್ಕವನ್ನು ಅರಿಯದವರು, ಇಲ್ಲವೆ ಮರೆಮಾಚುವವರು.

ಆಳದ ವಿಚಾರವು ಇದಕ್ಕಿಂತ ಸೂಕ್ಷ್ಮ. ಮೇಲೆ ಚರ್ಮ, ಕೆಳಗೆ ಪ್ಲಾಟಿಸ್ಮಾ ಎಂಬ ತೆಳುವಾದ ಮಾಂಸಪದರ. ಇವೆರಡರ ನಡುವಣ ಕೊಬ್ಬಿನ ಮಧ್ಯಕ್ಕೆ ಸೂಜಿಯ ಮೊನೆ ತಲುಪಬೇಕು. ಸೂಜಿಯನ್ನು ಹೊರಕ್ಕೆ ಎಳೆಯುತ್ತ ಮದ್ದು ಬಿಡಬಾರದು. ಹಾಗೆ ಬಿಟ್ಟರೆ ಅದು ಚರ್ಮದೊಳಕ್ಕೇ ಸೇರಿ ಹುಣ್ಣಾಗಬಹುದು, ಚರ್ಮವು ಕಪ್ಪಾಗಿ ಕೊಳೆಯಬಹುದು. ರಕ್ತನಾಳದೊಳಗೆ ಸೇರಿದರೂ ಅದೇ ಗತಿ. ಎಲ್ಲಕ್ಕಿಂತ ಎಚ್ಚರದಿಂದ ಕಾಯಬೇಕಾದುದು ದವಡೆಯ ಅಂಚಿನಲ್ಲಿ ಹರಿಯುವ, ಕೆಳತುಟಿಯನ್ನು ಆಡಿಸುವ, ಮುಖನರದ ಒಂದು ಕವಲು. ದವಡೆಯೆಲುಬಿನ ಕೆಳ ಅಂಚಿನ ಮೇಲುಗಡೆಯಾಗಲಿ, ಅದರ ಕೆಳಗೆ ಒಂದು ಒಂದೂವರೆ ಸೆಂಟಿಮೀಟರಿನೊಳಗಾಗಲಿ ಸೂಜಿ ಹೋಗಕೂಡದು. ಈ ನರಕ್ಕೆ ಪೆಟ್ಟಾದರೆ ನಗು ಒಂದು ಕಡೆಗೆ ಸೊಟ್ಟಗಾಗುತ್ತದೆ. ಅಂದಕ್ಕಾಗಿ ಹೋದವರಿಗೆ ಇದಕ್ಕಿಂತ ದೊಡ್ಡ ವಿಪರ್ಯಾಸ ಇನ್ನಾವುದು?

ಒಪ್ಪಿಗೆಗೆ ಆಧಾರವಾದ ಎರಡು ದೊಡ್ಡ ಪರೀಕ್ಷೆಗಳಲ್ಲಿ ೫೧೩ ಮಂದಿ ಈ ಮದ್ದನ್ನು ಪಡೆದರು. ಅವರಲ್ಲಿ ನೂರಕ್ಕೆ ೮೭ ಮಂದಿಗೆ ಊತ, ೭೨ ಮಂದಿಗೆ ರಕ್ತ ಕಂದಿದ ಕಲೆ, ೭೦ ಮಂದಿಗೆ ನೋವು, ೬೬ ಮಂದಿಗೆ ಜೋಮು ಉಂಟಾಯಿತು. ನರದ ಪೆಟ್ಟು ನೂರಕ್ಕೆ ೪, ನುಂಗಲು ತೊಂದರೆ ನೂರಕ್ಕೆ ೨. ನರದ ಪೆಟ್ಟು ಕ್ರಮೇಣ ಗುಣವಾಯಿತಾದರೂ ಕೆಲವರಿಗೆ ಅದಕ್ಕೆ ಹಲವು ತಿಂಗಳುಗಳೇ ಹಿಡಿದವು. ಈ ಅಂಕೆಗಳು ತರಬೇತಾದ ವೈದ್ಯರು, ಶುದ್ಧವಾದ ಮದ್ದನ್ನು, ಅಳತೆ ತಪ್ಪದೆ ಕೊಟ್ಟಾಗಿನವು ಎಂಬುದನ್ನು ಮರೆಯಬಾರದು. ಸೌಂದರ್ಯಗೃಹದ ಹಿಂಬದಿಯ ಕೋಣೆಯಲ್ಲಿ ಲೆಕ್ಕವಿಡುವವರಿಲ್ಲ.

ಆ ಕೋಣೆಯ ಅಪಾಯವು ಆಮ್ಲದಿಂದ ಮಾತ್ರ ಬರುವುದಲ್ಲ. ಕುದಿಸದ ನೀರಿನಲ್ಲಿಯೂ ಮಣ್ಣಿನಲ್ಲಿಯೂ ಇರುವ, ಕ್ಷಯದ ರೋಗಾಣುವಿನ ದಾಯಾದಿಗಳಾದ ಕೆಲವು ಸೂಕ್ಷ್ಮಜೀವಿಗಳುಂಟು. ಶುಚಿಯಿಲ್ಲದ ಸೂಜಿಯೊಡನೆ ಒಳಹೊಕ್ಕರೆ ಅವು ಸುಮ್ಮನಿದ್ದು, ವಾರಗಳ ಮೇಲೆ ಚುಚ್ಚಿದ ಕಡೆಯಲ್ಲೆಲ್ಲ ಗಂಟುಗಳಾಗಿ ಏಳುತ್ತವೆ. ಸಾಮಾನ್ಯವಾದ ಮಾತ್ರೆಗಳಿಗೆ ಬಗ್ಗವು, ತಿಂಗಳುಗಟ್ಟಲೆ ಚಿಕಿತ್ಸೆ ಬೇಡುತ್ತವೆ. ೨೦೦೫ರ ಆರಂಭದಲ್ಲಿ ಅಮೆರಿಕದ ವಾಷಿಂಗ್ಟನ್ ನಗರದ ಪ್ರಾಂತದಲ್ಲಿ ಪರವಾನಗಿಯಿಲ್ಲದವರಿಂದ ಮೀಸೋಥೆರಪಿ ಮಾಡಿಸಿಕೊಂಡ ಹಲವರಲ್ಲಿ ಚರ್ಮದ ಇಂತಹ ವಿಕಾರಗಳು ಕಾಣಿಸಿಕೊಂಡು ಸರ್ಕಾರಿ ತನಿಖೆಯೇ ನಡೆಯಿತು. ಒಪ್ಪಿಗೆಯಿಲ್ಲದ ಕೊಬ್ಬಿನ ಚುಚ್ಚುಮದ್ದುಗಳನ್ನು ಬಳಸಬಾರದೆಂದು ಅಲ್ಲಿಯ ಔಷಧ ಇಲಾಖೆಯು ೨೦೨೩ರಲ್ಲಿ ಮತ್ತೆ ಪ್ರಕಟಣೆ ಹೊರಡಿಸಬೇಕಾಯಿತು. ಕರ್ನಾಟಕದಲ್ಲಿಯೂ, ಸೂಜಿಯಿಂದಲ್ಲದಿದ್ದರೂ, ೨೦೨೨ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಖಾಸಗಿ ಚಿಕಿತ್ಸಾಲಯವೊಂದರಲ್ಲಿ ಕೊಬ್ಬು ತೆಗೆಸುವ ಶಸ್ತ್ರಕ್ರಿಯೆಗೆ ಒಳಗಾದ ಕಿರುತೆರೆಯ ತರುಣ ನಟಿಯೊಬ್ಬರು ಮೃತರಾದುದನ್ನು ನಾಡು ಕಂಡಿದೆ. ಸೌಂದರ್ಯ ಚಿಕಿತ್ಸೆಯೂ ಚಿಕಿತ್ಸೆಯೇ, ಅದಕ್ಕೂ ತುರ್ತಿನ ಸಿದ್ಧತೆ ಬೇಕು ಎಂಬ ಮಾತು ಆಗ ಪತ್ರಿಕೆಗಳಲ್ಲಿ ಕೆಲವು ದಿನ ನಡೆದು ನಿಂತಿತು.

ಕಾನೂನು ಇಲ್ಲದೆ ಇಲ್ಲ. ೨೦೦೭ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದ ಪ್ರಕಾರ ಪ್ರತಿಯೊಂದು ಖಾಸಗಿ ಚಿಕಿತ್ಸಾಲಯವೂ ನೋಂದಣಿ ಹೊಂದಿರಬೇಕು, ಆ ಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ಚುಚ್ಚುವವನು ವೈದ್ಯನೆಂದಾದರೆ ವೈದ್ಯಕೀಯ ಪರಿಷತ್ತಿನಲ್ಲಿ ಅವನ ನೋಂದಣಿಯ ಸಂಖ್ಯೆಯಿರಬೇಕು. ಅದನ್ನು ಕೇಳುವುದರಲ್ಲಿ ಅವಿನಯವೇನೂ ಇಲ್ಲ. ೧೯೫೪ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಣೀಯ ಜಾಹೀರಾತುಗಳ ಅಧಿನಿಯಮದ ಅನುಸೂಚಿಯಲ್ಲಿ ಸ್ಥೂಲಕಾಯವೂ ಸೇರಿದೆ. ಅದನ್ನು ಔಷಧದಿಂದ ಗುಣಪಡಿಸುವೆವೆಂಬ ಜಾಹೀರಾತು ನಿಷಿದ್ಧ. ‘ಆಕಾರ ತಿದ್ದುತ್ತೇವೆ’ ಎಂಬ ನಯವಾದ ಮಾತು ಹುಟ್ಟಿಕೊಂಡುದರ ಗುಟ್ಟು ಇಲ್ಲಿಯೇ ಇರಬೇಕು. ಔಷಧದ ಸೀಸೆಯ ಮೇಲೆ ತಯಾರಕರ ಹೆಸರು, ಪರವಾನಗಿ ಸಂಖ್ಯೆ, ತಂಡದ ಸಂಖ್ಯೆ, ದ್ರವ್ಯದ ಪ್ರಮಾಣ, ಅವಧಿ ಮುಗಿಯುವ ತಿಂಗಳು ಇರಲೇಬೇಕು. ಇವಿಲ್ಲದ, ಪರಭಾಷೆಯ ಬರಹ ಮಾತ್ರವಿರುವ, ಪ್ರಸಾಧನದ್ರವ್ಯವೆಂದು ಮಾರುವ ಸೀಸೆಯೊಳಗೆ ಏನಿದೆಯೆಂಬುದು ಚುಚ್ಚುವವನಿಗೂ ತಿಳಿಯದು. ಸೀಸೆಯು ಒಬ್ಬರಿಗೆ ಒಡೆದುದಾದರೆ ಇನ್ನೊಬ್ಬರಿಗೆ ಸಲ್ಲದು. ಮದ್ದನ್ನು ೨೦ರಿಂದ ೨೫ ಸೆಂಟಿಗ್ರೇಡಿನ ತಂಪಿನಲ್ಲಿಡಬೇಕೆಂಬ ನಿಯಮವಿದೆ. ಬೇಸಗೆಯಲ್ಲಿ ೪೦ ಮೀರುವ ಈ ಸೀಮೆಯಲ್ಲಿ ಚೀಲದಲ್ಲಿ ಹೊತ್ತು ತಂದ ಸೀಸೆಯನ್ನು ನಂಬುವುದು ಹೇಗೆ?

ಈ ಐದು ಊರುಗಳವರಿಗೆ ವಿಶೇಷವಾದ ಒಂದು ತೊಡಕುಂಟು, ಅದು ದೂರದ್ದು. ೧೯೫೬ರ ವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಈ ಭಾಗದ ಜನರಿಗೆ ದೊಡ್ಡ ಚಿಕಿತ್ಸೆಯೆಂದರೆ ಕಲಬುರಗಿಯಂತೆಯೇ ಹೈದರಾಬಾದೂ ನೆನಪಿಗೆ ಬರುವುದು ಸಹಜ. ಚಿತ್ತಾಪುರ, ಸೇಡಂಗಳು ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲುಹಾದಿಯ ಮೇಲೆಯೇ ಇವೆ. ಶಹಾಬಾದವು ವಾಡಿಯಿಂದ ಕಲಬುರಗಿಯ ಕಡೆಗಿನ ಹಾದಿಯಲ್ಲಿದೆ. ಹಳಿಯಿಲ್ಲದ ಚಿಂಚೋಳಿಯವರು ತಾಂಡೂರಿಗೆ ಹೋಗಿ ರೈಲು ಹಿಡಿಯಬಹುದು. ಬೆಳಗ್ಗೆ ಹೋಗಿ ಸೂಜಿ ಹಾಕಿಸಿಕೊಂಡು ರಾತ್ರಿಗೆ ಮನೆ ಸೇರುವುದು ಕಷ್ಟವಲ್ಲ. ಆದರೆ ಊತವು ಹೆಚ್ಚುವುದು ಆ ರಾತ್ರಿ ಮತ್ತು ಮರುದಿನ. ಆಗ ಚುಚ್ಚಿದ ವೈದ್ಯನು ಇನ್ನೊಂದು ರಾಜ್ಯದಲ್ಲಿ, ರೋಗಿಯು ತಾಲ್ಲೂಕಿನ ಆಸ್ಪತ್ರೆಯಲ್ಲಿ. ಅಲ್ಲಿಯ ವೈದ್ಯಾಧಿಕಾರಿಯು ಏನು ಚುಚ್ಚಿದರೆಂದು ಕೇಳಿದರೆ ‘ಕೊಬ್ಬಿನ ಇಂಜೆಕ್ಷನ್’ ಎಂಬ ಉತ್ತರದಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಆದುದರಿಂದ ಚಿಕಿತ್ಸಾಲಯವನ್ನು ಬಿಡುವ ಮುನ್ನ ಮದ್ದಿನ ಹೆಸರು, ತಂಡದ ಸಂಖ್ಯೆ, ಎಷ್ಟು ಮಿಲಿಲೀಟರು, ಎಷ್ಟು ಚುಕ್ಕಿ, ದಿನಾಂಕ, ವೈದ್ಯರ ಹೆಸರು, ರಾತ್ರಿಯಲ್ಲಿ ಕರೆಯಬಹುದಾದ ಫೋನಿನ ಸಂಖ್ಯೆ, ಇವನ್ನು ಬರೆಸಿಕೊಂಡು ಬರಬೇಕು. ಬರೆದುಕೊಡಲು ಒಪ್ಪದ ಕಡೆ ಚುಚ್ಚಿಸಿಕೊಳ್ಳುವ ಅಗತ್ಯವೂ ಇಲ್ಲ. ಉಸಿರಾಟಕ್ಕೋ ನುಂಗುವುದಕ್ಕೋ ತೊಂದರೆ, ನಗುವಿನ ಸೊಟ್ಟ, ಚರ್ಮ ಬಿಳಿಚುವುದು ಅಥವಾ ಕಪ್ಪಾಗುವುದು, ಜ್ವರ, ಇವುಗಳಲ್ಲಿ ಒಂದಾದರೂ ಕಂಡರೆ ಮರುದಿನದ ರೈಲಿಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಆ ಚೀಟಿಯೊಡನೆ ಹೋಗಬೇಕು. ವಾರಗಳ ಮೇಲೆ ಗಂಟು ಎದ್ದರೂ ಅದೇ ಚೀಟಿಯು ಬೇಕಾಗುತ್ತದೆ.

ಔಷಧದಿಂದಾದ ಕೇಡನ್ನು ವರದಿ ಮಾಡಲು ೨೦೧೦ರಲ್ಲಿ ಆರಂಭವಾದ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮವಿದೆ. ಘಾಜಿಯಾಬಾದಿನ ಭಾರತೀಯ ಔಷಧಸಂಹಿತಾ ಆಯೋಗವು ಇದನ್ನು ನಡೆಸುತ್ತದೆ. ವೈದ್ಯರು ಮಾತ್ರವಲ್ಲದೆ ರೋಗಿಯೂ ಅವನ ಮನೆಯವರೂ ವರದಿ ಕಳುಹಿಸಬಹುದು. ೧೮೦೦-೧೮೦-೩೦೨೪ ಎಂಬ ಶುಲ್ಕವಿಲ್ಲದ ಸಂಖ್ಯೆಗೆ ಫೋನು ಮಾಡಿಯೂ ತಿಳಿಸಬಹುದು. ರೋಗಿಗಳು ತುಂಬಬೇಕಾದ ನಮೂನೆಯು ಕನ್ನಡದಲ್ಲಿಯೂ ಅಚ್ಚಾಗಿದೆ. ಅದರಲ್ಲಿ ಕೇಳಿರುವ ಮುಖ್ಯ ವಿವರಗಳು ಮದ್ದಿನ ಹೆಸರು, ಪ್ರಮಾಣ, ದಿನಾಂಕ ಮತ್ತು ಆದ ತೊಂದರೆ.